ಕದ ಬಡಿದ ಪ್ರೇತ

೪ ಜುಲೈ ೧೯೯೪, ಅಂಗಡಿ ಮುಚ್ಚಿದ ಮೇಲೆ

...ಅದೂ ಸಾಲದೆಂದು ಮಧ್ಯಾಹ್ನ ಕರೆಂಟ್ ಹೋಯಿತು. ಗಲ್ಲಾದ ಮುಂದೆ ಟ್ರ್ಯಾಕ್ಟರ್‌ನವರ ಸಂತೆ. ಎಲ್ಲರಿಗೂ ಬೇರಿಂಗ್ ಈಗಲೇ ಬೇಕು. ಸಾವ್ಕಾರ ನನ್ನ ಮೇಲೆ ರೇಗಿದ. ಸಿಂಧನೂರಿಗೆ ಬಂದು ಒಂದೂವರೆ ವರ್ಷವಾಯಿತು, ಇನ್ನೂ "ಏ ಪಾಮನಕಲ್ಲೂರು" ಎಂದು ಊರ ಹೆಸರಿನಿಂದಲೇ ಕೂಗುತ್ತಾನೆ. ವೆಂಕೋಬ ಅಂದರೆ ಬಾಯಿ ನೋಯುತ್ತದೆಯೇ? ಇರಲಿ. ಎಲ್ಲ ತಡೆದುಕೊಂಡೆ. ಸಂಜೆ ಮಾಸಪತ್ರಿಕೆ ಬರುತ್ತದೆ, "ಬೂದಿಬಣ್ಣದ ಅಂಗಿ"ಯ ಇಪ್ಪತ್ಮೂರನೆಯ ಕಂತು ಓದಬಹುದು ಎಂದು.

ಓದಿದೆ. ಥೂ.

ಇಷ್ಟು ತಿಂಗಳು ಸತ್ತ ಜಯಶೀಲ ಅಮಾವಾಸ್ಯೆಗೊಮ್ಮೆ ಬೂದಿಬಣ್ಣದ ಅಂಗಿ ತೊಟ್ಟು, ಗೋಡೆ ದಾಟಿ, ಹೆಂಡತಿ ವನಮಾಲಾಳ ಹತ್ತಿರ ಬಂದ. ಗೋಡೆ! ಕಲ್ಲಿನ ಗೋಡೆ! ಈ ಕಂತಿನಲ್ಲಿ ಬಂದು ಕದ ಬಡಿಯುತ್ತಾನೆ. ಪ್ರೇತಕ್ಕೆ ಕದ ಯಾಕೆ? ನೆರಳು ಬೇರೆ ಬೀಳುತ್ತದಂತೆ. ಬರೆದವರಿಗೆ ತಮ್ಮ ಕಥೆಯೇ ಮರೆತುಹೋಯಿತೇ? ಆಮೇಲಿನದು ಇನ್ನೂ ಕೆಟ್ಟದ್ದು. ಅವಳು ಕದ ತೆಗೆಯುತ್ತಾಳೆ. "ನಾನಿನ್ನು ಬರುವುದಿಲ್ಲ" ಎನ್ನುತ್ತಾನೆ. ಹೋಗುತ್ತಾನೆ. ಒಂದೇ ಪುಟ! ಮರುದಿನ ಅವಳು ದನದ ಡಾಕ್ಟರನ್ನು ಒಪ್ಪುತ್ತಾಳೆ. ದನದ ಡಾಕ್ಟರ್...

೫ ಜುಲೈ

ಮೈಕ್ ಮುಂದೆ ಕೂತರೆ ನನಗೆ ಪುಸ್ತಕದ ಭಾಷೆಯೇ ಬರುತ್ತದೆ. ಅಕ್ಕನಿಗೆ ಓದಿ ಓದಿ ಅಂಟಿದ ರೋಗ.

ಅಕ್ಕ ಗಿರಿಯಮ್ಮನಿಗೆ ಅಕ್ಷರ ಬರುವುದಿಲ್ಲ. ಚಿನ್ನದ ಗಣಿಯ ಹಟ್ಟಿಯಲ್ಲಿದ್ದಾಗ ಅವಳ ಗಂಡ ತಾಯಪ್ಪ ಮಾವ ಶಿಫ್ಟ್ ಮುಗಿಸಿ ಬಂದು ಈ ಕಥೆ ಓದಿ ಹೇಳುತ್ತಿದ್ದ. ನಾನೂ ಅವರ ಮನೆಯಲ್ಲೇ ಇದ್ದೆ. ಮಾವ ತನ್ನ ತಟ್ಟೆಗಿಂತ ಮೊದಲು ನನ್ನ ತಟ್ಟೆಗೆ ಹಾಕಿಸುತ್ತಿದ್ದ. ಮೂರು ಕಂತು ಓದಿದ. ಜ್ವರ ಬಂತು, ಹೋದ. ಅಕ್ಕ ಊರಿಗೆ, ಅವ್ವನ ಹತ್ತಿರ. ನಾನು ಇಲ್ಲಿಗೆ.

ಅಂದಿನಿಂದ ಕ್ಯಾಸೆಟ್ಟಿನ ಎ ಸೈಡಿನಲ್ಲಿ ಕಂತು ಓದಿ ಕಳಿಸುತ್ತೇನೆ. ಅವಳು ಮಾವನ ಟೇಪ್‌ರೆಕಾರ್ಡರಿನಲ್ಲಿ ಕೇಳಿ ವಾಪಸ್ ಕಳಿಸುತ್ತಾಳೆ. ಅವಳಿಗೆ ಗೊತ್ತಿರುವುದು ಹಾಡುವ ಬಟನ್ ಒಂದೇ. ತಿರುವಿ ಹಾಕುವುದೇ ಇಲ್ಲ. ಹಾಗಾಗಿ ಬಿ ಸೈಡ್ ನನ್ನದು, ಈ ದಿನಚರಿಯೆಲ್ಲ ಅದರಲ್ಲೇ. ಏನು ಬೈದರೂ ಕೇಳುವವರಿಲ್ಲ.

೭ ಜುಲೈ

ಜವಳಗೇರಾದ ಗದ್ದೆಪ್ಪ ಮತ್ತೆ ಬಂದ. ಟ್ರ್ಯಾಕ್ಟರ್ ಡ್ರೈವರ್. ಹೆಂಡತಿ ತೀರಿಕೊಂಡವನು. ಅಕ್ಕನನ್ನು ಉಡಿಕೆ ಮಾಡಿಕೊಳ್ಳುತ್ತಾನಂತೆ — ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಕರೆದೊಯ್ಯುವುದು. ಹದಿನೆಂಟರ ಸೋಮವಾರ ಹಿರಿಯರು ಉತ್ತರ ಕೇಳಲು ಊರಿಗೆ ಬರುತ್ತಾರೆ.

"ಫ್ಯಾನ್ ಬೆಲ್ಟ್ ಕೊಡು ತಮ್ಮಾ."

"ಹ್ವಾದ ವಾರ ಒಯ್ದಿಯಲ್ಲ?"

"ಅದು ಐತಿ. ಇನ್ನೊಂದು ಇರ್ಲಿ." ಆಮೇಲೆ ಮೆಲ್ಲಗೆ, "ಅಕ್ಕಾರು ಹೆಂಗದಾರ?"

"ಬೆಲ್ಟಿಂದು ನಂಬರ್ ಹೇಳು. ಅಕ್ಕನ ಸುದ್ದಿ ಇಲ್ಲಿ ಮಾರೂದಿಲ್ಲ."

ನಕ್ಕ. ಬೈದರೂ ನಗುತ್ತಾನೆ, ಅದಕ್ಕೇ ಮೈ ಉರಿಯುತ್ತದೆ. ಮಾವನ ಜಾಗಕ್ಕೆ ಈ ಗ್ರೀಸ್ ಕೈಯವನಾ? ಅಕ್ಕ ಹೂಂ ಅಂದರೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ನಾನು.

ಸಂಜೆ ಎ ಸೈಡ್ ಮುಗಿಸಿದೆ. ಕೊನೆಯ ಪುಟ ಓದಲಿಲ್ಲ. ಕದ ಬಡಿದಲ್ಲಿಗೆ "ಇಷ್ಟ ಐತಿ ಅಕ್ಕಾ" ಎಂದು ಬಟನ್ ಒತ್ತಿದೆ. ಅಂಥ ಹೊಲಸನ್ನು ಅವಳ ಕಿವಿಗೆ ಯಾಕೆ ಹಾಕಲಿ? ನಾಳೆ ಬಸ್ ಕಂಡಕ್ಟರ್ ಶಾವಲಿಯ ಕೈಗೆ ಕೊಡುವುದು. ಪ್ರತಿ ಸಲವೂ ಅವನದು ಅದೇ ಮಾತು — "ದೆವ್ವಾ ಸುಮ್ನ ಕುಂದರತೈತಿಲ್ಲಲೇ? ಟಿಕೆಟ್ ಹರೀಲೇನು?"

೧೬ ಜುಲೈ. ಬೇರೆ ಕ್ಯಾಸೆಟ್

ಇಷ್ಟು ದಿನ ಮೈಕ್ ಮುಟ್ಟಿರಲಿಲ್ಲ. ಗದ್ದೆಗಳಿಗೆ ಟ್ರ್ಯಾಕ್ಟರ್ ಇಳಿದಿವೆ, ಉಸಿರಾಡಲು ಬಿಡುವಿಲ್ಲ. ಇವತ್ತು ಅಂಗಡಿಗೆ ಫೋನ್. ನಮ್ಮೂರ ಬಂದೇಸಾಬನ ಕಿರಾಣಿ ಅಂಗಡಿಯಿಂದ ಅಕ್ಕ.

"ಲೇ ವೆಂಕೋಬ, ಕದ ಬಡದ್ನಲ್ಲ, ಆಮ್ಯಾಲ?"

"ಅಷ್ಟ ಅಂದೀನಲ್ಲ ಅಕ್ಕಾ."

"ಸುಳ್ಳು ಹೇಳಬ್ಯಾಡ. ಕದ ಬಡದ ಮ್ಯಾಲೆ ಯಾರಾರ ತೆಗೀಬೇಕಲ್ಲ? ಮುಂದಿಂದು ಆ ಕಡಿ ಐತೇನೋ ಅಂತ ತಿರುವಿ ಹಾಕ್ದೆ."

ಕೈಯಲ್ಲಿದ್ದ ಬೇರಿಂಗ್ ಕಾಲ ಮೇಲೆ ಬಿತ್ತು.

"ಎಲ್ಲಾ ಕೇಳಿದ್ಯಾ?"

"ಕೇಳ್ದೆ. ಭಾಳ ಚಂದ ಬೈತೀ. ರೇಡಿಯೊದಾಗ ಸುದ್ದಿ ಓದಿದಂಗ." ನಗುತ್ತಿದ್ದಳೋ, ಅಳುತ್ತಿದ್ದಳೋ. ಲೈನಿನಲ್ಲಿ ಬರೀ ಗರಗರ. "ನೀ ಬೈದಿದ್ದು ಕೇಳ್ದೆ. ಕಥ್ಯಾಗ ಜಯಶೀಲ ಹೇಳಿದ್ದು ಪೂರಾ ಕೇಳಿಲ್ಲ. ಆ ಪುಟ ಓದು. ಹೆಂಗೈತಿ ಹಂಗ."

"ಛಲೋ ಇಲ್ಲಕ್ಕಾ ಅದು! ಗ್ವಾಡಿ ದಾಟಾವ ಕದ ಯಾಕ ಬಡೀತಾನ, ನೀನ ಹೇಳು?"



"ಇಷ್ಟ ದಿನ ತನ್ನ ಮನಿ ಅಂತ ಬರ್ತಿದ್ದ. ಈಗ ಅದು ಆಕಿ ಮನಿ. ಹೋಗ್ಲೇನು ಅಂತ ಕೇಳಾಕ ಬಂದಾನ. ಅಷ್ಟೂ ತಿಳೀಲಿಲ್ಲೇನೋ ನಿನಗ?"

ತಿಳಿದಿರಲಿಲ್ಲ. ಪತ್ರಿಕೆಯಲ್ಲಿ ಹಾಗೆಂದು ಬರೆದೂ ಇಲ್ಲ.

"ಗದ್ದೆಪ್ಪಗ ಹೂಂ ಅನ್ನಬೇಕು ಅಂತ ನನ್ನ ಮನಸಿನಾಗ ಐತಿ. ಆದ್ರ ನೀ ಹೊಸ್ತಿಲಾ ತುಳಿಯೂದಿಲ್ಲ ಅಂದಿ. ನೀ ಬರಲಾರದ ಮನಿ ತಗೊಂಡು ಏನ್ ಮಾಡ್ಲಿ? ಮೊದಲಿಂದು ನಿಮ್ಮ ಮಾವ ಓದ್ಯಾನ. ಕಡೀದು ನೀ ಓದು. ಓದ್ಲಿಲ್ಲಂದ್ರ ಹಿರ್ಯಾರಿಗೆ ಇಲ್ಲ ಅಂತೀನಿ, ನೋಡು."

ಅಷ್ಟರಲ್ಲಿ ಸಾವ್ಕಾರ, ತನ್ನ ತೆಲುಗು ಬೆರೆಸಿ. "ಏಮಯ್ಯಾ ಪಾಮನಕಲ್ಲೂರು! ಇಲ್ಲಿ ಗಿರಾಕಿ ನಿಂತಾರ, ಅಲ್ಲಿ ದೆವ್ವದ ಕಥಿನಾ?" ಫೋನ್ ಕಿತ್ತುಕೊಂಡು ಇಟ್ಟೇಬಿಟ್ಟ.

೧೭ ಜುಲೈ, ಭಾನುವಾರ

ಆ ಪುಟ ಮತ್ತೆ ಓದಿದೆ. ಈಗಲೂ ಕೆಟ್ಟದಾಗಿಯೇ ಇದೆ. ನೆರಳು ಬಿದ್ದದ್ದು ತಪ್ಪೇ. ಅದಕ್ಕೆ ಅಕ್ಕನ ಹತ್ತಿರವೂ ಉತ್ತರ ಇರಲಿಕ್ಕಿಲ್ಲ. ಅಭ್ಯಾಸಕ್ಕೆಂದು ಜೋರಾಗಿ ಓದಿದೆ. "ನಾನಿನ್ನು ಬರುವುದಿಲ್ಲ" ಎಂಬಲ್ಲಿ ಓದು ನಿಂತಿತು. ರಿವೈಂಡ್. ಮತ್ತೆ ಅಲ್ಲೇ ನಿಂತಿತು. ವಾಕ್ಯವೇ ಸರಿಯಿಲ್ಲ, ಅದಕ್ಕೆ.

ಭಾನುವಾರವೂ ಅಂಗಡಿ. ಮಧ್ಯಾಹ್ನ ಗದ್ದೆಪ್ಪ. ಒಯ್ದಿದ್ದ ಬೆಲ್ಟುಗಳನ್ನೆಲ್ಲ ವಾಪಸ್ ತಂದಿದ್ದ.

"ಇವು ನನ್ನ ಗಾಡಿಗೆ ಕೂಡೂದಿಲ್ಲ ತಮ್ಮಾ."

"ಗೊತ್ತಿದ್ದೂ ಯಾಕ ಒಯ್ದಿ?"

"ನೀ ನಾಕು ಮಾತು ಆಡ್ಲಿ ಅಂತ. ಬೈದ್ರೂ ನಡೀತಿತ್ತು."

ಎಂಥ ಮನುಷ್ಯ! ಬೆಲ್ಟುಗಳ ಪ್ಯಾಕೆಟ್ ಒಡೆದಿದ್ದಾನೆ, ಸಾವ್ಕಾರನಿಗೆ ಏನು ಹೇಳಲಿ? ಬೈಯಬೇಕೆಂದು ಬಾಯಿ ತೆರೆದೆ. ಸ್ಟೂಲ್ ಸರಿಸಿದೆ. ಚಹಾ ಹೇಳಿದೆ. ಒಂದು... ಅಲ್ಲ, ಎರಡು.

ಎಸ್‌ಟಿಡಿ ಬೂತಿಗೆ ಹೋಗಿ ನಾಳೆ ಬೆಳಿಗ್ಗೆ ಅಕ್ಕನನ್ನು ಫೋನಿಗೆ ಕರೆಸೆಂದು ಬಂದೇಸಾಬನಿಗೆ ಹೇಳಿ ಬಂದೆ. ಪುಟ ಮುಂದೆಯೇ ಇದೆ. ಅಕ್ಕಾ, ನಿನಗ ಏನೇನು ಹೇಳಬೇಕು ಅಂತ ಇಲ್ಲಿ ಆಡಿ ನೋಡಾಕತ್ತೀನಿ. ಪುಸ್ತಕದ ಭಾಷಾ ಬಾಯಿಗೆ ಬರವಲ್ದು. ನಡುವ ನಿಂತ್ರ ನಗಬ್ಯಾಡ. ಹಿರ್ಯಾರು ಬರೂಕಿಂತ ಮೊದ್ಲ ಓದಿ ಮುಗಸ್ತೀನಿ. ನಾಳೆ ಮುಂಜಾನಿ ಫೋನ್ ಹತ್ರಾನ ಇರು, ಬ್ಯಾರೆ ಯಾರಿಗೂ ಎತ್ತಾಕ ಕೊಡಬ್ಯಾಡ. ಏಳಕ್ಕ ಮಾಡ್ತೀನಿ. ಬಂದೇಸಾಬ ಕದ ತೆಗ್ಯಾದು ಏಳಕ್ಕಂತ. ಏಳು ಅಂದ್ರ ಏಳಕ್ಕ—