ನೀಲಿ ದಾರದ ಮೊಣಕೈ

ಬಾರ್ಡ್ಸ್‌ಟೌನ್, ಕೆಂಟಕಿ
ಮಾರ್ಚ್ ೩, ೨೦೧೩, ಭಾನುವಾರ

ಪ್ರೀತಿಯ ನೋರೀನ್,

ನಿನ್ನ ಮೊಣಕಾಲು ಈಗ ಹೇಗಿದೆ? ನಾಕ್ಸ್‌ವಿಲ್‌ನ ಚಳಿಯಲ್ಲಿ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಕಡಿಮೆ ಮಾಡು. ಬರ್ನೀಸಳ ಕೆಮ್ಮು ನಿಂತಿತೇ? ಬಿಸಿನೀರಿಗೆ ಜೇನು ಹಾಕಿ ಕೊಡು. ಅದಕ್ಕೆ ವಿಸ್ಕಿ ಬೆರೆಸುವ ವಿಷಯ ಅವಳಿಗೇ ಬಿಡು, ನಿನ್ನ ಅಕ್ಕ ಅದನ್ನೆಲ್ಲ ಯಾರನ್ನೂ ಕೇಳಿ ಮಾಡುವವಳಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಉಣ್ಣುತ್ತೇನೆ, ಮಲಗುತ್ತೇನೆ. ಒಂದು ಸಲ ಕಾಳು ಬೇಯಿಸಿದರೆ ವಾರವೆಲ್ಲ ಅದೇ. ಮೆಕ್ಕೆಜೋಳದ ಬ್ರೆಡ್ ಮಾಡಲು ಹೋಗಿ ತಳ ಹಿಡಿಸಿದೆ. ನಾಯಿ ನಿನ್ನ ಕುರ್ಚಿಯನ್ನು ತನ್ನದು ಮಾಡಿಕೊಂಡಿದೆ, ನಾನೂ ಎಬ್ಬಿಸಲು ಹೋಗಿಲ್ಲ.

ನಿನಗೆ ಇಷ್ಟವಿಲ್ಲದ ಸುದ್ದಿಯನ್ನೇ ಮೊದಲು ಹೇಳುತ್ತೇನೆ. ಈ ಸಲವೂ ಲೂಯಿವಿಲ್‌ನಲ್ಲಿ ನಡೆದ ಹಳೆಯ ಯುದ್ಧಸಾಮಾನಿನ ಮೇಳಕ್ಕೆ ನಿನ್ನೆ ಹೋಗಿದ್ದೆ. ನಾನು ಮನೆಯಲ್ಲಿ ಕೂಡಿಟ್ಟ ಸತ್ತವರ ಹೆಲ್ಮೆಟ್ಟುಗಳ ಮಧ್ಯೆ ಉಸಿರು ಕಟ್ಟುತ್ತದೆ ಎಂದು ನೀನು ಹೇಳಿ ಹೋದ ಮೇಲೆ ನನಗೂ ಮನಸ್ಸಿರಲಿಲ್ಲ. ಆದರೆ ಮರ್ಲ್ ಬಂದು ಬಾಗಿಲ ಮುಂದೆ ಹಾರ್ನ್ ಒತ್ತಿದ್ದೇ ಒತ್ತಿದ್ದು. "ಏಳೋ ಮಾರಾಯ, ಹೆಂಡ್ತಿ ಊರಲ್ಲಿಲ್ಲ ಅಂದ್ರೆ ಗಡ್ಡನೂ ಬೋಳಿಸ್ಬಾರ್ದು ಅಂತ ಎಲ್ಲಿ ಬರ್ದಿದೆ?" ಎಂದ. ಹಿಂದಿನ ಸೀಟಿನಲ್ಲಿ ಹೊಲ್ಲಿಸ್ ತನ್ನ ಸೈನಿಕ ಗುಂಡಿಗಳ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಮದುವೆ ಹೆಣ್ಣಿನ ಹಾಗೆ ಕೂತಿದ್ದ. ಇವರಿಬ್ಬರನ್ನೂ ನೀನು ಬಲ್ಲೆ, ಏನನ್ನೂ ನಂಬದ ಜನ. ಹೆಲ್ಮೆಟ್ಟಿನೊಳಗೆ ಮೂಗಿಟ್ಟು ಮೂಸುತ್ತಾರೆ, ತುಕ್ಕನ್ನು ಉಗುರಿನಿಂದ ಕೆರೆಯುತ್ತಾರೆ. ನಿನ್ನೆಯೂ ಮರ್ಲ್ ಒಬ್ಬ ವ್ಯಾಪಾರಿಗೆ, "ಇದು ಹೋದ್ ತಿಂಗಳು ಹುಟ್ಟಿದ ತುಕ್ಕು ಕಣಯ್ಯ, ಇನ್ನೂ ಹಾಲು ಕುಡಿಯೋ ಕೂಸು" ಎಂದು ಹೇಳಿ ಅವನ ಮುಖ ಸಣ್ಣದು ಮಾಡಿದ. ನಾನು ನಕ್ಕೆ. ಬಹಳ ದಿನದ ಮೇಲೆ ನಕ್ಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲೆಲ್ಲ ಅಲ್ಲಿ ನಮ್ಮ ಅಪ್ಪಂದಿರ ಯುದ್ಧದ ಸಾಮಾನೇ ಇರುತ್ತಿತ್ತು. ಈಗ ಇರಾಕಿನದೂ ಬಂದಿದೆ ನೋರೀನ್. ಹಳೆಯದಾಗಲು ಅದಕ್ಕೆ ಪುರುಸೊತ್ತೇ ಸಿಕ್ಕಿಲ್ಲ. ಮೆಂಫಿಸ್‌ನಿಂದ ಬಂದ ಒಬ್ಬ ಹೆಂಗಸಿನ ಮೇಜಿನ ಹಿಂದೆ ಸೈನಿಕರ ಮರಳುಬಣ್ಣದ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಮಾರುವ ಮೊದಲು ಎದೆಯ ಮೇಲಿನ ಹೆಸರಿನ ಪಟ್ಟಿ ಬಿಚ್ಚುವುದು ನಮ್ಮವರಲ್ಲಿ ಒಂದು ಮರ್ಯಾದೆ. ಯಾವ ತಾಯಿಯೂ ಮಗನ ಹೆಸರನ್ನು ಸಂತೆಯಲ್ಲಿ ನೋಡಬಾರದಲ್ಲ. ಬಿಚ್ಚಿದ ಜಾಗದಲ್ಲಿ ಬಟ್ಟೆ ಬಿಸಿಲು ಕಾಣದೆ ಹೊಸದಾಗಿಯೇ ಉಳಿದಿರುತ್ತದೆ. ಆ ಗುರುತಿಗೆ ನಾವು ಇಟ್ಟ ಹೆಸರು ದೆವ್ವ. 'ಎಲ್ಲಿ, ದೆವ್ವ ತೋರ್ಸಿ' ಎಂದು ಕೇಳುವುದು ಅಲ್ಲಿ ಮಾಮೂಲು. ನಿನ್ನೆ ಯಾರೋ ಹಾಗೆ ಕೇಳಿದಾಗ ನಾನು ಬೇರೆ ಮೇಜಿನ ಕಡೆ ತಿರುಗಿಕೊಂಡೆ.

ಆಗ ಮರ್ಲ್ ಕರೆದ. "ವೆಂಡೆಲ್, ಇಲ್ ಬಾ. ಮೊಣಕೈ ನೋಡು." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಆ ಸಾಲಿನ ಒಂದು ಅಂಗಿಯ ಬಲ ಮೊಣಕೈ ಹರಿದಿತ್ತು, ಅದನ್ನು ನೀಲಿ ದಾರದಲ್ಲಿ ಹೊಲಿದಿದ್ದರು. ನಮ್ಮ ಟ್ರಾವಿಸ್ ಇರಾಕಿನಿಂದ ಕೊನೆಯ ರಜೆಗೆ ಬಂದಾಗ ಮನೆಯಲ್ಲಿ ಬೇರೆ ದಾರವಿಲ್ಲದೆ ನೀನು ನೀಲಿಯಲ್ಲೇ ಹೊಲಿದದ್ದು, ಅವನು "ಅಮ್ಮಾ, ಶತ್ರುಗಳು ನನ್ ಮೊಣಕೈ ನೋಡಿ ನಕ್ಕೂ ನಕ್ಕೂ ಸಾಯ್ತಾರೆ" ಎಂದದ್ದು, ಆ ಅಂಗಿಯನ್ನು ಮೊಳೆಗೆ ತಗುಲಿಸಿ ಬೇರೆಯದನ್ನು ಹಾಕಿಕೊಂಡು ಹೋದದ್ದು, ಈ ಕಥೆಯನ್ನು ಅವರಿಬ್ಬರೂ ನನ್ನ ಬಾಯಿಂದ ಎಷ್ಟು ಸಲ ಕೇಳಿದ್ದರೋ. ಚರ್ಚಿನ ದಾನಕ್ಕೆ ನೀನು ಕೊಟ್ಟ ಪೆಟ್ಟಿಗೆಯ ತಳದಲ್ಲಿ ಆ ಅಂಗಿಯೂ ಇತ್ತೆಂದು ನಿನಗಾಗಲಿ ನನಗಾಗಲಿ ಎಲ್ಲಿ ಗೊತ್ತಿತ್ತು? ಅದು ತಿಳಿದ ದಿನದಿಂದ ನೀನು ಅವನ ಕೋಣೆಯ ಬಾಗಿಲು ತೆರೆಯಲಿಲ್ಲ. ನಾಲ್ಕು ದಿನಕ್ಕೆಂದು ಅಕ್ಕನ ಮನೆಗೆ ಹೋದವಳು ಚಳಿಗಾಲ ಮುಗಿಯುತ್ತ ಬಂದರೂ ಬರಲಿಲ್ಲ.

ಹೊಲ್ಲಿಸ್ ತನ್ನ ಭೂತಗನ್ನಡಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಆ ಹೆಂಗಸು ಮೆಲ್ಲಗೆ, "ನಿಮ್ ಹುಡುಗಂದಾ?" ಎಂದಳು. "ಹೂಂ ಕಣಮ್ಮ, ಇವ್ರ ಮಗಂದೇ" ಎಂದು ಮರ್ಲ್ ಹೇಳಿದ. ಮನೆಯವರಿಗೆ ತಮ್ಮ ಮಗನ ಸಾಮಾನು ಸಿಕ್ಕಿದರೆ ಅಲ್ಲಿ ಬೆಲೆಯ ಮಾತಿಲ್ಲ. ಅವಳು ಚೀಟಿ ಕಿತ್ತು, ಅಂಗಿಯನ್ನು ಮಡಚಿ, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದಳು. ತಗೊಂಡು ಹೋಗಿ ಎನ್ನಲಿಲ್ಲ ನೋರೀನ್. "ಕರ್ಕೊಂಡ್ ಹೋಗಿ" ಎಂದಳು. ಅಕ್ಕಪಕ್ಕದ ಮೇಜಿನವರೆಲ್ಲ ಟೋಪಿ ತೆಗೆದು ನಿಂತರು.

ಅಂಗಿ ಈಗ ಆ ಕೋಣೆಯ ಮೊಳೆಯಲ್ಲಿದೆ. ಮರ್ಲ್, ಹೊಲ್ಲಿಸ್ ಇಬ್ಬರೂ ನಿನ್ನನ್ನು ಕೇಳಿದ್ದಾರೆ. ಬರ್ನೀಸಳಿಗೆ ನನ್ನ ನೆನಪು ಹೇಳು. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ದೇವರು ನಿನ್ನ ಮನಸ್ಸಿಗೆ ಸ್ವಲ್ಪ ನಿದ್ದೆ ಕೊಡಲಿ.

ಎಂದಿಗೂ ನಿನ್ನವನೇ,
ವೆಂಡೆಲ್

ಮರೆತೆ: ಮರೆತೆ ಎಂದರೆ ಸುಳ್ಳಾಗುತ್ತದೆ. ನೀನು ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ, ಆದ್ದರಿಂದ ಲಕೋಟೆ ಅಂಟಿಸುವ ಮೊದಲೇ ಹೇಳಿಬಿಡುತ್ತೇನೆ. ಅದು ಟ್ರಾವಿಸ್‌ನ ಅಂಗಿಯಲ್ಲ. ತೋಳು ಗಿಡ್ಡ. ಹೊಲಿಗೆಯೂ ನಿನ್ನದಲ್ಲ, ನೀನು ಇಷ್ಟು ಒತ್ತಾಗಿ ಹೊಲಿಯುವುದಿಲ್ಲ. ಕೈಗೆ ಬಂದ ಕೂಡಲೇ ನನಗೆ ಗೊತ್ತಾಯಿತು. ಆದರೆ ಅಷ್ಟರಲ್ಲಿ ಜನ ಟೋಪಿ ತೆಗೆದಿದ್ದರು, ಯಾವುದನ್ನೂ ನಂಬದ ಮರ್ಲ್ ಅಳುತ್ತ ನಿಂತಿದ್ದ. ಇನ್ಯಾರೋ ತಾಯಿಯ ಮನೆಯಲ್ಲೂ ಅವತ್ತು ನೀಲಿ ದಾರವೊಂದೇ ಇತ್ತು. ಆ ಹುಡುಗನನ್ನು ಮತ್ತೆ ಮೇಜಿನ ಮೇಲೆ ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಕೋಣೆಯ ಬಾಗಿಲು ತೆರೆದೇ ಇಟ್ಟಿದ್ದೇನೆ. ಅವನ ಅಂಗಿಯ ಒಂದು ಗುಂಡಿ ಸಡಿಲವಾಗಿದೆ, ಸೂಜಿಗೆ ದಾರ ಪೋಣಿಸಲು ನನಗೆ ಕಣ್ಣು ಕಾಣುವುದಿಲ್ಲ. ಬಾ.