ಅವ್ವ ಹೊಲಿದ ಫ್ಲೆಕ್ಸ್ ಬ್ಯಾಗು

ಊರಿನಿಂದ, ಮದ್ದೂರು ತಾಲ್ಲೂಕು
9-11-2024, ಎರಡನೇ ಶನಿವಾರ

ಪ್ರೀತಿಯ ಅವ್ವನಿಗೆ ನಿನ್ನ ಮಗ ಶಿವರಾಜು ಮಾಡುವ ನಮಸ್ಕಾರ.

ಹೇಗಿದ್ದೀಯ? ಮಂಡಿ ನೋವು ಪರವಾಗಿಲ್ಲವಾ? ಬಾಣಂತಿಗೆ ನೀರು ಹುಯ್ಯುವ ಭರದಲ್ಲಿ ನಿನ್ನ ಮಾತ್ರೆ ಮರೆಯಬೇಡ. ತಂಗಿ ಶ್ವೇತ ಹೊಟ್ಟೆ ತುಂಬ ಉಣ್ಣುತ್ತಿದ್ದಾಳಾ, ಕೂಸು ನಿಮ್ಮನ್ನು ಮಲಗಲು ಬಿಡುತ್ತದಾ? ದೊಡ್ಡವನು ದಿನವೆಲ್ಲ ನಿನ್ನ ಸೆರಗು ಹಿಡಿದುಕೊಂಡೇ ಓಡಾಡುತ್ತಾನೆ ಎಂದು ಭಾವ ಹೇಳಿದರು. ಮಳವಳ್ಳಿಯ ನೀರು ನಿನಗೆ ಒಗ್ಗಿದೆ ಅಂದುಕೊಂಡಿದ್ದೇನೆ. ಇಲ್ಲಿ ಅಪ್ಪ ಚೆನ್ನಾಗಿದ್ದಾರೆ. ಮುದ್ದೆ ಅವರದು, ಸಾರು ನನ್ನದು. ಮುದ್ದೆಯಲ್ಲಿ ಗಂಟು ಸಿಕ್ಕರೆ ನಾನು ಮಾತಾಡದೆ ನುಂಗುತ್ತೇನೆ, ಸಾರಿಗೆ ಉಪ್ಪಿಲ್ಲದಿದ್ದರೆ ಅವರೂ ಮಾತಾಡುವುದಿಲ್ಲ. ಹಸು ಮಾತ್ರ ನೀನಿಲ್ಲ ಅಂತ ಅರ್ಧ ಲೀಟರು ಕಡಿಮೆ ಕೊಡುತ್ತಿದೆ.

ಫೋನಿರುವಾಗ ಇವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನೀನು ‘ಯೋಳ್ ಮಗ’ ಅಂದ ತಕ್ಷಣ ನನಗೆ ಬಾಯಿ ಕಟ್ಟಿಹೋಗುತ್ತದೆ. ಹೋದ ಭಾನುವಾರ ಎರಡು ಸಲ ಹೇಳಲು ಶುರು ಮಾಡಿ, ಎರಡು ಸಲವೂ ಮಾತನ್ನು ಹಸುವಿನ ಕಡೆಗೆ ತಿರುಗಿಸಿದೆ. ಇದನ್ನು ಶ್ವೇತಳ ಕೈಗೆ ಕೊಟ್ಟು ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು, ನಿಧಾನವಾದರೂ ಸರಿ.

ಅವತ್ತು ಫೋನಿನಲ್ಲಿ ನೀನು ಮೊದಲು ಕೇಳಿದ್ದು, ‘ಒಸಾ ಬ್ಯಾಗ್ ತಗಂಡೇನ್ಲಾ, ಎಂಗದೆ?’ ಅಂತ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಹೇಳಿದೆ. ‘ಪಕ್ಕುದ್ ಮನೆ ಚಿಕ್ಕಮಾದಮ್ಮ ಫೋನ್ ಮಾಡಿದ್ಲು ಕಣ್ಲಾ. ಆ ಸೈಕಲ್ ಸ್ಟ್ಯಾಂಡ್ ಕರೀಮನ್ ಕೈ ಮುರ್ದೋಯ್ತಂತೆ. ನೋಡ್ದಾ, ನನ್ ಬಾಯಿಂದ ಬಂದ ಮಾತು ಸುಳ್ಳಾಗ್ನಿಲ್ಲ.’ ಆ ಮಾತಿನಲ್ಲಿ ಸ್ವಲ್ಪ ಭಯವೂ ಇತ್ತು, ಸ್ವಲ್ಪ ಜಂಬವೂ ಇತ್ತು. ಅವ್ವ, ಕರೀಮಣ್ಣ ನಿನ್ನ ಬ್ಯಾಗು ಕದಿಯಲಿಲ್ಲ. ಯಾರೂ ಕದಿಯಲಿಲ್ಲ. ನಾನೇ ಅದನ್ನು ರೈಲಿನ ಬಾಗಿಲಿನಿಂದ ಶಿಂಷಾ ಹೊಳೆಗೆ ಎಸೆದೆ. ಅಬ್ಬ, ಬರೆದೇಬಿಟ್ಟೆ. ಉಳಿದದ್ದನ್ನೂ ಬರೆಯುತ್ತೇನೆ, ಬೈದುಕೊಂಡೇ ಓದು.

ಡಾಕ್ಟರು ‘ಸಕ್ಕರೆ ಅಂಚಿಗೆ ಬಂದಿದೆ’ ಎಂದು ಹೆದರಿಸಿದ ಮೇಲೆ ನಾನು ಸ್ಕೂಟರ್ ಬಿಟ್ಟು ಸೈಕಲ್ ಹಿಡಿದೆನಲ್ಲ, ತೊಂದರೆ ಶುರುವಾದದ್ದು ಅಲ್ಲಿಂದ. ಮನೆಯಿಂದ ಮದ್ದೂರು ಸ್ಟೇಷನ್ನಿಗೆ ಏಳು ಕಿಲೋಮೀಟರು ತುಳಿದು, ಅಲ್ಲಿಂದ ಮಂಡ್ಯಕ್ಕೆ ರೈಲು ಹತ್ತುವಷ್ಟರಲ್ಲಿ, ಬೆನ್ನಿಗೆ ಹಾಕುವ ಬ್ಯಾಗಿನಿಂದ ಅಂಗಿಯೆಲ್ಲ ಬೆವರಿ ಒದ್ದೆಯಾಗುತ್ತಿತ್ತು. ಕ್ಯಾರಿಯರ್‌ಗೆ ಕಟ್ಟಿದರೆ ಗುಂಡಿಯಲ್ಲಿ ಎಗರಿ ಡಬ್ಬಿಯ ಸಾರು ಫೈಲಿಗೆ ಇಳಿಯುತ್ತಿತ್ತು. ‘ಒಂದ್ ಪಕ್ಕುಕ್ ನೇತಾಕ್ಕಳೋ ಅಂತದ್ದ ನಾನೇ ಒಲ್ದ್ ಕೊಡ್ತೀನಿ ಬುಡ್ಲಾ’ ಅಂದೆ ನೀನು. ನನ್ನನ್ನು ಅಂಗಳದಲ್ಲಿ ಸೈಕಲ್ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿಸಿ ಬಗ್ಗಿಸಿ, ಹೆಗಲಿನಿಂದ ಸೊಂಟದವರೆಗೆ ದಾರದಲ್ಲಿ ಅಳತೆ ತೆಗೆದೆ. ನಿಲ್ಲಿಸಿ ಅಳೆದರೆ ತುಳಿಯುವಾಗ ಮಂಡಿಗೆ ಬಡಿಯುತ್ತದೆ ಎಂದು ನಿನಗೆ ಯಾರು ಹೇಳಿಕೊಟ್ಟರೋ! ಗುಜರಿ ಅಂಗಡಿಯಿಂದ ಹಳೇ ಕಾರಿನ ಸೀಟ್ ಬೆಲ್ಟ್ ತಂದು ಹೆಗಲ ಪಟ್ಟಿ ಮಾಡಿದೆ. ಬಗ್ಗಿದಾಗ ಬ್ಯಾಗು ಮುಂದಕ್ಕೆ ಜಾರದಿರಲಿ ಎಂದು ಕಂಕುಳ ಕೆಳಗೆ ಇನ್ನೊಂದು ಸಣ್ಣ ಪಟ್ಟಿ ಕೊಟ್ಟೆ. ನನಗೆ ಸರ್ಕಾರಿ ಕೆಲಸ ಸಿಕ್ಕಾಗ ಊರ ಹುಡುಗರು ಸರ್ಕಲ್ಲಿನಲ್ಲಿ ಕಟ್ಟಿದ್ದ ಫ್ಲೆಕ್ಸನ್ನು, ಮಗನ ಮುಖ ಮಳೆಗೆ ನೆನೆಯಬಾರದೆಂದು ಮೂರೇ ದಿನಕ್ಕೆ ಇಳಿಸಿ ಟ್ರಂಕಿನಲ್ಲಿ ಇಟ್ಟಿದ್ದೆಯಲ್ಲ, ಅದನ್ನೇ ಎರಡು ಮಡಿಕೆ ಮಾಡಿ ಹೊಲಿದೆ. ಮಿಷನ್ನಿನ ಸೂಜಿ ಮೂರು ಸಲ ಮುರಿಯಿತು. ಬಿಳಿ ಮಗ್ಗುಲು ಹೊರಗೆ, ಅಚ್ಚು ಒಳಗೆ. ಮುಚ್ಚಳ ಎತ್ತಿದರೆ ಮಾತ್ರ ನನ್ನ ಮುಖ, ಅದರ ಕೆಳಗೆ ‘ನಮ್ಮೂರ ಹೆಮ್ಮೆಯ ಪುತ್ರ’. ‘ಇಷ್ಟ್ ದೊಡ್ ಮಖ ಇದ್ರೆ ಯಾವನ್ಲಾ ಕದ್ದಾನು?’ ಎಂದು ನೀನೇ ನಕ್ಕೆ.

ಎರಡು ತಿಂಗಳು ಅದು ಹೆಗಲ ಮೇಲಿರುವುದೇ ನನಗೆ ಮರೆತುಹೋಗುತ್ತಿತ್ತು. ಮಳೆಯಲ್ಲಿ ನಾನು ತೊಯ್ದು ತೊಪ್ಪೆಯಾದರೂ ಒಳಗಿನ ಕಾಗದಕ್ಕೆ ಒಂದು ಹನಿ ತಾಗಲಿಲ್ಲ. ಆಗಸ್ಟ್ ಕೊನೆಯಲ್ಲಿ ಒಂದು ದಿನ ನಾನು ಸಾಹೇಬರ ಕೋಣೆಗೆ ಹೋಗಿದ್ದಾಗ, ಪಕ್ಕದ ಮೇಜಿನ ರಂಜಿತ ಮೇಡಂ ಸ್ಟೇಪ್ಲರ್ ಹುಡುಕಿಕೊಂಡು ನನ್ನ ಬ್ಯಾಗಿನ ಮುಚ್ಚಳ ಎತ್ತಿದರು. ನಾನು ಬರುವಷ್ಟರಲ್ಲಿ ಆಫೀಸೆಲ್ಲ ಅದರ ಸುತ್ತ ಸೇರಿತ್ತು. ನನ್ನ ಜೊತೆಯ ಗುಮಾಸ್ತ ಸ್ವರೂಪ್ ಕುರ್ಚಿ ಹತ್ತಿ ಭಾಷಣದ ಧಾಟಿಯಲ್ಲಿ ಓದುತ್ತಿದ್ದ. ಸಂಜೆಯವರೆಗೂ ‘ಹೆಮ್ಮೆಯ ಪುತ್ರರೇ, ಆ ಫೈಲು ಕೊಡಿ’, ‘ಹೆಮ್ಮೆಯ ಪುತ್ರರೇ, ಟೀ ಆಯ್ತಾ’. ಅವರು ಕೆಟ್ಟವರಲ್ಲ ಅವ್ವ, ಮಾರನೆಯ ದಿನಕ್ಕೆ ಮರೆಯುತ್ತಿದ್ದರು. ‘ನಮ್ಮವ್ವ ಹೊಲಿದದ್ದು’ ಎಂದು ನಾನೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಏನಂದೆ ಗೊತ್ತಾ? ‘ಊರಲ್ಲಿ ಯಾರೋ ಕೊಟ್ಟರು, ಬೇಡ ಅನ್ನಲಾಗಲಿಲ್ಲ’ ಅಂದೆ. ನಿನ್ನನ್ನು ಯಾರೋ ಅಂದುಬಿಟ್ಟೆ.

ಆ ಸಂಜೆಯೇ ರೈಲು ಮದ್ದೂರು ಹತ್ತಿರ ಹೊಳೆ ದಾಟುವಾಗ ಎಸೆದೆ. ಊಟದ ಡಬ್ಬಿ ತೆಗೆದಿಟ್ಟುಕೊಂಡೆ, ಡಬ್ಬಿ ಎಲ್ಲಿ ಎಂದು ನೀನು ಕೇಳುತ್ತೀಯಲ್ಲ. ಬ್ಯಾಗು ಎಲ್ಲಿ ಎಂದೂ ಕೇಳುತ್ತೀಯ ಅನ್ನುವುದು ಎಸೆದ ಮೇಲೆ ಹೊಳೆಯಿತು, ಅಷ್ಟು ಬುದ್ಧಿವಂತ ನಾನು. ಮನೆಗೆ ಬಂದು, ‘ಬೆಳಿಗ್ಗೆ ಡಬ್ಬಿ ಕೈಲಿ ಹಿಡಿದು ರೈಲಿಗೆ ಓಡಿದೆ, ಬ್ಯಾಗು ಸ್ಟ್ಯಾಂಡಿನಲ್ಲಿ ಸೈಕಲ್ ಮೇಲೇ ಉಳಿಯಿತು, ಸಂಜೆ ನೋಡಿದರೆ ಇಲ್ಲ’ ಅಂದೆ. ನೀನು ಒಂದೇ ಒಂದು ಪ್ರಶ್ನೆ ಕೇಳದೆ ನಂಬಿದೆ. ಅಲ್ಲಿಗೆ ಬಿಡುತ್ತೀಯ ಅಂದುಕೊಂಡಿದ್ದೆ.

ನೀನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ರೈಲಿನ ಜನ ಸೇರಿರುವ ಹೊತ್ತಿಗೆ ಬಸ್ಸಿನಲ್ಲಿ ಬಂದು, ಸ್ಟ್ಯಾಂಡ್ ಕಾಯುವ ಕರೀಮಣ್ಣನ ಮುಂದೆ ನಿಂತೆ. ಅವರು ಹೆದರಿಕೊಂಡೇ, ‘ನಾ ಕಾಣೆ ಕಣಮ್ಮ, ಅವ್ರ ಮಖ ಇರೋ ಬ್ಯಾಗ್ ತಗಂಡ್ ನಾನೇನ್ ಮಾಡ್ಲಿ’ ಅಂದರು. ‘ಒಳ್ಗಡೆ ಮಖ ಇರೋದು ನಿಂಗೆಂಗ್ಲಾ ಗೊತ್ತು?’ ಎಂದು ನೀನು ಹಿಡಿದುಕೊಂಡೆ. ಸುತ್ತ ಇದ್ದವರೆಲ್ಲ ‘ಹೌದಲ್ಲ!’ ಅಂದರು. ಹೇಗೆ ಗೊತ್ತು ಎಂದು ನನಗೆ ಗೊತ್ತಿತ್ತು ಅವ್ವ. ಸಂಜೆ ಸೈಕಲ್ ಚೀಟಿ ವಾಪಸು ಕೊಡಲು ನಾನು ದಿನವೂ ಅವರ ಮುಂದೆಯೇ ಆ ಮುಚ್ಚಳ ಎತ್ತುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ರೈಲು ಬಂತೇನೋ ಅನ್ನುವ ಹಾಗೆ ಆ ಕಡೆ ನೋಡುತ್ತಾ ನಿಂತೆ. ನೀನು ಬಗ್ಗಿ ಹಿಡಿ ಮಣ್ಣು ತೆಗೆದು, ‘ನನ್ ಮಗನ್ ಬ್ಯಾಗ್ ತಗಂಡೋನ್ ಕೈ ಸೇದೋಗ’ ಎಂದು ಶಾಪ ಹಾಕಿ ತೂರಿದೆ. ಮಣ್ಣು ಅವರ ಮುಖಕ್ಕೂ ಬಿತ್ತು. ಅವರು ಒರೆಸಿಕೊಂಡು ಚೀಟಿ ಹರಿಯಲು ಕೂತರು. ಮರುದಿನದಿಂದ ನಾನು ಸೈಕಲ್ಲನ್ನು ದೂರದ ಟೀ ಅಂಗಡಿಯ ಹಿಂದೆ ನಿಲ್ಲಿಸತೊಡಗಿದೆ.

ಇನ್ನು ನೀನು ಕೇಳಿದ ಹೊಸ ಬ್ಯಾಗಿನ ಸುದ್ದಿ. ಒಂದಲ್ಲ, ಮೂರು ಕೊಂಡೆ. ಮೊದಲನೆಯದು ಮಂಡ್ಯದ ಅಂಗಡಿಯದು, ಚರ್ಮದ ಹಾಗೆ ಹೊಳೆಯುತ್ತಿತ್ತು. ಪಟ್ಟಿ ಸಣ್ಣದು, ಹೆಗಲ ಮೂಳೆಗೆ ಕೊರೆದು ಗೆರೆ ಬಿತ್ತು. ಎರಡು ಮಳೆಗೆ ಹೊಳಪೆಲ್ಲ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಎರಡನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದೆ, ಗಟ್ಟಿ ಕ್ಯಾನ್ವಾಸು. ಏರಿನಲ್ಲಿ ಎದ್ದು ತುಳಿದರೆ ಸೊಂಟದಿಂದ ಜಾರಿ ಹೊಟ್ಟೆಯ ಮುಂದಕ್ಕೆ ಬರುತ್ತಿತ್ತು. ಒಂದು ದಿನ ಹಾಗೇ ಮಂಡಿಗೆ ಸಿಕ್ಕಿ, ಕಬ್ಬಿನ ಟ್ರಾಕ್ಟರ್ ಹಿಂದೆ ಬರುತ್ತಿರುವಾಗಲೇ ಸೈಕಲ್ ಓಲಾಡಿ ಬೀಳುವುದರಲ್ಲಿದ್ದೆ. ಮೂರನೆಯದನ್ನು ಕೊಳ್ಳುವಾಗ ಬುದ್ಧಿ ಬಂದಿತ್ತು. ಅಂಗಡಿಯಲ್ಲೇ ಹೆಗಲಿಗೆ ಹಾಕಿಕೊಂಡು, ಇಲ್ಲದ ಹ್ಯಾಂಡಲ್ ಹಿಡಿದು ಬಗ್ಗಿ, ಕಾಲು ತುಳಿದು ನೋಡಿದೆ. ಅಂಗಡಿಯವನು ‘ಸಾರ್ ಹುಷಾರಾಗಿದ್ದೀರಾ’ ಅಂದ. ಅಗಲದ ಪಟ್ಟಿ ಬೇಕು, ಜಾರದ ಹಾಗೆ ಇನ್ನೊಂದು ಪಟ್ಟಿ ಬೇಕು, ನೀರು ಇಳಿಯಬಾರದು, ಅಂಚಿಗೆ ಎರಡು ಹೊಲಿಗೆ ಬೇಕು ಎಂದು ಒಂದೊಂದೇ ಹೇಳುತ್ತಾ ಹೋದಾಗ, ನಾನು ಕೇಳುತ್ತಿರುವುದು ಹೊಳೆಗೆ ಎಸೆದ ಬ್ಯಾಗನ್ನೇ ಎಂದು ಗೊತ್ತಾಯಿತು. ಹಾಗಿರುವುದು ಸಿಕ್ಕಿತು, ಕೊಂಡುಕೊಂಡೆ, ಚೆನ್ನಾಗಿಯೇ ಇದೆ. ಹೆಗಲಿಗೆ ಹಾಕಿಕೊಳ್ಳುವಾಗೆಲ್ಲ ನಾಚಿಕೆಯಾಗುತ್ತದೆ.

ನಿನ್ನ ಫೋನು ಬಂದ ಭಾನುವಾರವೇ ಕರೀಮಣ್ಣನ ಮನೆಗೆ ಹೋದೆ. ಅವರು ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸುವಾಗ ಕೆಸರಿನಲ್ಲಿ ಕಾಲು ಜಾರಿ ಬಿದ್ದರಂತೆ, ಬಲಗೈ ಮಣಿಕಟ್ಟು ಮುರಿದಿದೆ, ಪಟ್ಟಿ ಹಾಕಿದ್ದಾರೆ. ಕೈ ಮುರಿದ ದಿನದಿಂದ ಜನ, ‘ನೋಡು, ಆ ಯಮ್ಮನ ಮಣ್ಣು ತಟ್ಟಿತು, ಇವನೇ ಕಳ್ಳ’ ಎಂದು ತೀರ್ಮಾನ ಮಾಡಿ ಗಾಡಿ ಬಿಡುವುದನ್ನೇ ನಿಲ್ಲಿಸಿದ್ದಾರೆ. ಸ್ಟ್ಯಾಂಡಿನ ಯಜಮಾನ ಜಯಪ್ರಕಾಶ್ ಬೇರೆಯವನನ್ನು ಕೂರಿಸಿಕೊಂಡಿದ್ದಾನೆ. ಇಪ್ಪತ್ತೆರಡು ವರ್ಷದ ಕೆಲಸ ಅವ್ವ. ಅವರ ಹೆಂಡತಿ ಆಮಿನಮ್ಮ, ‘ಅಂಗ್ಡಿಗೋದ್ರೆ ಎಲ್ರೂ ನನ್ ಕೈನೇ ನೋಡ್ತರೆ ಕಣಪ್ಪ’ ಅಂದರು. ನಾನು ನಡೆದದ್ದೆಲ್ಲ ಹೇಳಿ ಕಾಲಿಗೆ ಬಿದ್ದೆ. ಕರೀಮಣ್ಣ ಸಮಾಧಾನ ಮಾಡಲಿಲ್ಲ, ಯಾಕೆ ಮಾಡಬೇಕು? ‘ಇಲ್ ಬಂದ್ ಯೋಳುದ್ರೆ ಏನ್ ಬಂತಪ್ಪ? ಮಣ್ ಬಿದ್ದಿದ್ದು ಅಲ್ಲಿ. ಅಲ್ಲೋಗಿ ಯೋಳು’ ಅಂದು ಗೋಡೆ ಕಡೆ ತಿರುಗಿ ಮಲಗಿದರು.

ಸೋಮವಾರ ಬೆಳಿಗ್ಗೆ ಹೋಗಿ ಹೇಳುತ್ತೇನೆ. ಆರು ದಿನದಿಂದ ಹೋಗಬೇಕು ಅಂದುಕೊಂಡೇ ಟೀ ಅಂಗಡಿಯ ಹಿಂದಿನಿಂದ ಸ್ಟೇಷನ್ನಿಗೆ ನುಸುಳುತ್ತಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ. ನೀನು ಇದಕ್ಕಾಗಿ ಬರುವುದು ಬೇಡ, ಬಾಣಂತಿಯನ್ನು ನೋಡಿಕೋ. ನಾನು ಮಾಡಿದ್ದನ್ನು ನಾನೇ ಸರಿಮಾಡುತ್ತೇನೆ. ಚಿಕ್ಕಮಾದಮ್ಮ ಮತ್ತೆ ಫೋನ್ ಮಾಡಿದರೆ ಆ ಮಾತು ಮುಂದುವರಿಸಬೇಡ, ಅಷ್ಟೇ. ಅಪ್ಪನಿಗೆ ನಿನ್ನೆ ಹೇಳಿದೆ. ಅವರು ತಟ್ಟೆ ಸರಿಸಿ ಎದ್ದು ಹೋದರು, ಇವತ್ತು ಮುದ್ದೆ ನಾನೇ ಮಾಡಿಕೊಂಡೆ.

ಶ್ವೇತಳಿಗೆ, ಭಾವನಿಗೆ ಕೇಳಿದೆ ಎಂದು ತಿಳಿಸು. ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ಆಶೀರ್ವಾದ ಮಾಡು ಅನ್ನಲು ಬಾಯಿ ಬರುತ್ತಿಲ್ಲ, ಕೋಪ ಇಳಿದ ಮೇಲೆ ಮಾಡು.

ನಿನ್ನ ಮಗ,
ಶಿವರಾಜು

ತಾ.ಕ.: ಸೋಮವಾರ, ಮಂಡ್ಯ ಸ್ಟೇಷನ್ನು. ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಳಿಗ್ಗೆ ಸ್ಟ್ಯಾಂಡಿನ ಮುಂದೆ ನಿಂತು, ರೈಲಿನ ಜನರೆಲ್ಲ ಕೇಳುವ ಹಾಗೆ ಹೇಳಿದೆ. ಯಾರೂ ನಂಬಲಿಲ್ಲ ಅವ್ವ. ‘ಸುಮ್ಸುಮ್ಕೆ ಕೈ ಮುರೀತದಾ?’ ಅಂದರು. ‘ಕರೀಮನ್ ಗೋಳ್ ನೋಡಕಾಗ್ದೆ ತನ್ ಮ್ಯಾಲೆ ಆಕ್ಕತಾವ್ನೆ, ಎಂತಾ ಒಳ್ಳೆ ಹುಡ್ಗ’ ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಜನ ನಿಜ ಹೇಳಿದರೆ ಹೊಗಳುತ್ತಿದ್ದಾರೆ. ಅವರಿಗೆ ನಿನ್ನ ಮಾತೇ ಮಾತು. ಬರಬೇಡ ಅಂದದ್ದನ್ನು ಹೊಡೆದುಹಾಕು, ಒಂದು ದಿನದ ಮಟ್ಟಿಗೆ ಮಳವಳ್ಳಿಯಿಂದ ಮೊದಲ ಬಸ್ಸಿಗೆ ಬಾ. ಮಣ್ಣು ತೂರಿದ ಜಾಗದಲ್ಲೇ ನಿಂತು, ಕದ್ದವನು ಕರೀಮಣ್ಣನಲ್ಲ, ಸುಳ್ಳು ಹೇಳಿದವನು ನನ್ನ ಮಗ ಎಂದು ನೀನೇ ಹೇಳಬೇಕು. ನಿನಗೆ ಅವಮಾನ ಆಗುತ್ತದೆ, ಗೊತ್ತು. ಆದರೂ ಬಾ ಅವ್ವ. ನಾನು ಈ ಸಲ ರೈಲಿನ ಕಡೆ ನೋಡುವುದಿಲ್ಲ.