ಪರೀಕ್ಷೆಗೆಂದು ಮಾತ್ರ

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
೨೦ ನವೆಂಬರ್ ೧೯೭೭, ಭಾನುವಾರ

ಇವರಿಗೆ,

ಶರಣು. ಬಾಯಲ್ಲಿ ಎಂದೂ ಹೇಳದ ನಿಮ್ಮ ಹೆಸರನ್ನು ಈ ವಾರ ಇಂಗ್ಲಿಷಿನಲ್ಲಿ ಹಲವು ಸಲ ಬರೆದಿದ್ದೇನೆ. ಮುರುಗೇಶಪ್ಪ, ಲೇತ್ ವರ್ಕ್‌ಶಾಪ್ ಮಾಲೀಕರು, ಹೊಸದುರ್ಗ. ಅಫಿಡವಿಟ್ಟಿನಲ್ಲಿ ‘ಇವರು’ ಎಂದು ಬರೆದರೆ ಯಾರು ಎಂದು ಕೇಳುತ್ತಾರೆ. ಇಲ್ಲಿ ಕೇಳುವವರಿಲ್ಲ. ಹಾಗಾಗಿ ಹಳೆಯ ರೂಢಿಯನ್ನೇ ಇಟ್ಟುಕೊಂಡಿದ್ದೇನೆ.

ನಿಮ್ಮ ಕಾಗದ ಶಾಲೆಯ ವಿಳಾಸಕ್ಕೆ ಬಂತು. ನಾನು ಇಲ್ಲಿಗೆ ಬಂದ ಮೇಲೆ ನಿಮ್ಮಿಂದ ಬಂದದ್ದು ಇದೇ ಮೊದಲು. ಹೊಲಿಗೆ ಟೀಚರ್ ಜಯಕ್ಕ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೇ, “ಏನ್ರಿ ಮಂಗಳಮ್ಮ, ಯಜಮಾನ್ರದಾ? ಒಡೀರಿ ಮತ್ತೆ, ಮುಹೂರ್ತ ನೋಡ್ತೀರೇನು?” ಎಂದು ನಕ್ಕರು. ನಾನು ಒಡೆಯದೆ ಚೀಲದಲ್ಲಿಟ್ಟುಕೊಂಡು ಎರಡು ತರಗತಿ ಪಾಠ ಮಾಡಿದೆ. ಅಷ್ಟು ಹೊತ್ತೂ ಏನೇನು ಅಂದುಕೊಂಡೆ ಎನ್ನುವುದನ್ನು ಬರೆಯುವುದಿಲ್ಲ. ಮನೆಗೆ ಬಂದು ಒಡೆದಾಗ ಅದು ಪೈಪು ಜೋಡಿಸುವ ನಿಮ್ಮ ಕಪ್ಲಿಂಗಿನ ವಿಷಯವಾಗಿತ್ತು.

ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ಎಂದು ನೋಡಿ. ಮದರಾಸಿನ ಪೇಟೆಂಟ್ ಕಚೇರಿ ನಿಮ್ಮ ಅರ್ಜಿಯನ್ನು ಒಪ್ಪಿ ಗೆಜೆಟ್ಟಿನಲ್ಲಿ ಹಾಕಿತು. ಅದನ್ನು ನೋಡಿ ಕೊಯಮತ್ತೂರಿನ ಒಂದು ಪಂಪ್ ಕಂಪನಿಯವರು ತಕರಾರು ಸಲ್ಲಿಸಿದ್ದಾರೆ. ಇದು ಹೊಸದಲ್ಲ, ಅರ್ಜಿ ಹಾಕುವ ಮೊದಲೇ ಮಾಡದಕೆರೆಯಲ್ಲಿ ಹತ್ತಾರು ಜನರೆದುರು ಬಳಕೆಯಲ್ಲಿತ್ತು, ಅಲ್ಲಿ ಒಂದು ಕಪ್ಲಿಂಗನ್ನು ನೀವು ಮಾರಿದ್ದೀರಿ ಎಂಬುದು ಅವರ ವಾದ. ಸಾಕ್ಷಿಗೆ ಆ ಊರಿನ ಎತ್ತಪ್ಪನ ಹೆಬ್ಬೆಟ್ಟಿದೆ. ಅಂದು ಅಲ್ಲಿಗೆ ಒಯ್ದ ಮೂರು ಕಪ್ಲಿಂಗುಗಳಲ್ಲಿ ಎರಡು ಮಾತ್ರ ನಿಮಗೆ ವಾಪಸು ಬಂದವು. ಮೂರನೆಯದು ಎಲ್ಲಿ ಎಂದು ನಿಮಗೂ ಗೊತ್ತಿಲ್ಲ. ಅದಕ್ಕೇ, ಮಾಡದಕೆರೆಗೆ ಹೋಗಲೇ ಇಲ್ಲ, ಅಂಥದ್ದು ಏನೂ ನಡೆಯಲೇ ಇಲ್ಲ ಎಂದು ನಾನು ಬರೆದುಕೊಡಬೇಕು. ಅರ್ಜಿಯ ಇಂಗ್ಲಿಷ್ ನನ್ನದೇ ಆದ್ದರಿಂದ ನನ್ನ ಮಾತಿಗೆ ತೂಕ ಇರುತ್ತದೆ ಎಂದಿದ್ದೀರಿ. ಕೊನೆಗೆ, “ಜೀವಮಾನದಲ್ಲಿ ನಾನು ಮಾಡಿದ ವಸ್ತು ಇದೊಂದೇ. ಇದೂ ಹೋದರೆ ನಾನು ಬರೀ ರಿಪೇರಿಯವನು” ಎಂದು ಬರೆದಿದ್ದೀರಿ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನೀವು ಇಂಥ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೂ.

ಮಾಡದಕೆರೆಗೆ ಹೋಗಲಿಲ್ಲ ಎಂದು ನಾನು ಬರೆಯಲಾರೆ. ಸುಳ್ಳು ಎನ್ನುವುದು ಒಂದು ಕಾರಣ. ಅದೊಂದೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೋ ಏನೋ. ಇನ್ನೊಂದು ಕಾರಣ ಹೇಳಲು ಸಂಕೋಚ. ಇಲ್ಲಿ ರಜೆಯ ದಿನ ಯಾರ ಜೊತೆಯೂ ಮಾತಿಲ್ಲದೆ ಕತ್ತಲಾಗುತ್ತದೆ. ಹಾಗಿದ್ದಾಗ ನಾವು ಚೆನ್ನಾಗಿದ್ದ ದಿನ ಯಾವುದು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಪ್ರತಿ ಸಲವೂ ನೆನಪಿಗೆ ಬರುವುದು ಆ ದಿನವೇ. ಅದು ನಡೆಯಲೇ ಇಲ್ಲ ಎಂದು ಪ್ರಮಾಣ ಮಾಡಿದರೆ ನನ್ನ ಬಳಿ ಉಳಿಯುವುದು ಏನು?

೧೯೭೩ರ ಯುಗಾದಿ ಆಗಷ್ಟೇ ಕಳೆದಿತ್ತು. ಬರುತ್ತೀಯಾ ಎಂದು ನೀವಾಗಿ ಕೇಳಿದಿರಿ. ನಾನು ಮದುವೆಯ ನೇರಳೆ ಸೀರೆ ಉಟ್ಟೆ. ಬಸ್ಸಿನಲ್ಲಿ ಗೋಣಿಚೀಲ ನಿಮ್ಮ ಕಾಲ ನಡುವೆ ಇತ್ತು, ಅದರಲ್ಲಿ ಎರಡು ದಪ್ಪನೆಯ ಕಪ್ಲಿಂಗು, ಒಂದು ಸಣ್ಣದು. ನಿಮ್ಮ ಸ್ನೇಹಿತ ಹನುಮಂತಪ್ಪನವರ ಬಾವಿಯಿಂದ ತೋಟಕ್ಕೆ ಹೋಗುವ ಪೈಪಿಗೆ ಅದುವರೆಗೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದಿದ್ದರು, ಕೀಲು ಕೀಲಿಗೂ ನೀರು ಚಿಮ್ಮುತ್ತಿತ್ತು. ನೀವು ಅದನ್ನೆಲ್ಲ ಕಿತ್ತು, ದಪ್ಪನೆಯ ಎರಡನ್ನು ದೊಡ್ಡ ಪೈಪಿಗೂ ಸಣ್ಣದನ್ನು ಮೆಣಸಿನ ಸಸಿ ಮಡಿಗೆ ಹೋಗುವ ಪೈಪಿಗೂ ಹಾಕಿದಿರಿ. ಮೋಟರು ಶುರುವಾಯಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ಜನ ಸೇರಿದರು. “ನೀರು ಜೋರಾದಷ್ಟೂ ಒಳಗಿನ ರಬ್ಬರು ಬಿಗೀತೈತೆ, ನೀರು ನಿಂತ್ರೆ ತಾನೇ ಸಡಿಲ ಆಗ್ತೈತೆ. ಸ್ಪ್ಯಾನರ್ ಬ್ಯಾಡ, ತಂತಿ ಬ್ಯಾಡ” ಎಂದಿರಿ. ಅಷ್ಟು ಉದ್ದ ಮಾತು ನಿಮ್ಮಿಂದ ಬಂದದ್ದಕ್ಕೆ ನನಗೆ ಹೆಮ್ಮೆಯಾಗಿತ್ತು. ಹನುಮಂತಪ್ಪನವರ ಹೆಂಡತಿ ಮರುಳಸಿದ್ದಮ್ಮ ಎಲೆ ಹಾಕಿ ಹೋಳಿಗೆ ಬಡಿಸಿದರು. ನಾವು ದಂಪತಿಯಾಗಿ ಒಬ್ಬರ ಮನೆಗೆ ಹೋಗಿ ಬಂದ ಹಾಗೆ ನನಗೆ ಅನಿಸಿತ್ತು.

ಆ ಚಳಿಗಾಲದಲ್ಲಿ ಕೂತು ಅರ್ಜಿ ಬರೆದೆವು. ದ್ರವ ಸಾಗಿಸುವ ಕೊಳವೆಗಳ ಜೋಡಣೆ ಎಂದು ನಾನು ಇಂಗ್ಲಿಷಿನಲ್ಲಿ ತಲೆಬರಹ ಹಾಕಿ ಅರ್ಥ ಹೇಳಿದರೆ, “ನೀರು ಅಂತ ಬರಿಯೇ. ನಮ್ಮೂರಾಗೆ ಪೈಪ್ನಾಗೆ ಇನ್ನೇನ್ ಹರಿತೈತೆ, ತುಪ್ಪನಾ?” ಎಂದಿರಿ. ನೀರು ಎಂದು ಬರೆದರೆ ನಾಳೆ ಯಾರೋ ಎಣ್ಣೆಗೆ ಅದನ್ನೇ ಮಾಡಿಕೊಂಡು ತಪ್ಪಿಸಿಕೊಳ್ಳುತ್ತಾರೆ ಎಂದು ನಾನು ತಿಳಿಹೇಳಿದೆ. ಜನವರಿಯಲ್ಲಿ ಅರ್ಜಿ ಹೋಯಿತು. ಅದು ಹೋದ ಮೇಲೆ ನಮಗೆ ಆಡಲು ಮಾತು ಉಳಿಯಲಿಲ್ಲ. ಜೂನ್‌ನಲ್ಲಿ ಒಂದು ವರ್ಷದ ಮಟ್ಟಿಗೆಂದು ಈ ಕೆಲಸಕ್ಕೆ ಬಂದೆ. ವರ್ಷ ಕಳೆಯಿತು. ಬಾ ಎಂದು ನೀವು ಹೇಳಲಿಲ್ಲ, ಬರಲೇ ಎಂದು ನಾನು ಕೇಳಲಿಲ್ಲ. ಜಗಳವಾದರೂ ಆಗಿದ್ದರೆ ಜನಕ್ಕೆ ಹೇಳಲು ಒಂದು ಕಾರಣ ಇರುತ್ತಿತ್ತು.

ಕಳೆದ ಭಾನುವಾರ ನಾನು ಮಾಡದಕೆರೆಗೆ ಹೋಗಿದ್ದೆ. ಬಸ್ಸು ಹೊಸದುರ್ಗದಲ್ಲಿ ನಿಂತಾಗ ಕಿಟಕಿಯಿಂದ ವರ್ಕ್‌ಶಾಪ್ ಕಂಡಿತು. ಭಾನುವಾರವೂ ಬಾಗಿಲು ತೆಗೆದಿತ್ತು. ನೀವು ಲೇತಿನ ಮೇಲೆ ಬಗ್ಗಿದ್ದಿರಿ. ಬೆನ್ನಷ್ಟೇ ಕಾಣುತ್ತಿತ್ತು, ಅಂಗಿ ಭುಜದ ಹತ್ತಿರ ಹರಿದಿತ್ತು. ಇಳಿಯಬೇಕಾದರೆ ಒಂದು ಕಾರಣ ಬೇಕು ಅನಿಸಿತು. ಅಫಿಡವಿಟ್ ಕೈಯಲ್ಲಿದ್ದಿದ್ದರೆ ಅದೇ ಕಾರಣವಾಗುತ್ತಿತ್ತು. ಅದನ್ನು ಇನ್ನೂ ಬರೆದಿರಲಿಲ್ಲ. ಬಸ್ಸು ಹೊರಟಿತು.

ಹನುಮಂತಪ್ಪನವರು ಊರಲ್ಲಿರಲಿಲ್ಲ. ಮರುಳಸಿದ್ದಮ್ಮ ಜಗಲಿಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. “ಓ, ರೇಷ್ಮೆ ಸೀರೆ ಅಮ್ಮ! ಬರ್ರಿ, ಕುಂತ್ಕಳ್ರಿ. ಪೈಪ್ ನೋಡಾಕೆ ರೇಷ್ಮೆ ಸೀರೆ ಉಟ್ಕಂಡು ಬಂದವ್ರೆ ಅಂತ ನಾವು ಹೆಣ್ಮಕ್ಕಳೆಲ್ಲ ಎಷ್ಟು ದಿನ ನಕ್ಕಿದ್ವಿ” ಎಂದರು. ನನಗೂ ನಗು ಬಂತು. ಅದರ ಬೆನ್ನಲ್ಲೇ ಬೇರೆ ಏನೋ ಬಂತು. ನಿಮ್ಮನ್ನೂ ನೆನೆಸಿಕೊಂಡರು. “ಅಲ್ರಿ, ನಿಮ್ಮ ಯಜಮಾನ್ರು ನಾನು ಇಕ್ಕಿದ ಹೋಳಿಗೆ ಮುಟ್ಲಿಲ್ಲ, ನೆಪ್ಪೈತಾ? ದಿನವೆಲ್ಲ ಕೆಸರಾಗೆ ಮಲಿಕ್ಕಂಡು ಪೈಪಿಗೆ ಕಿವಿ ಕೊಟ್ಟಿದ್ರು. ಪೈಪು ಅದೇನ್ ಗುಟ್ಟು ಹೇಳ್ತಿತ್ತೋ. ನೀವು ಪಾಪ ಒಬ್ರೇ ಎಲೆ ಮುಂದೆ ಕುಂತಿದ್ರಿ.”

ನನ್ನ ನೆನಪಿನಲ್ಲಿ ನೀವು ನನ್ನ ಪಕ್ಕದ ಎಲೆಗೆ ಕೂತಿದ್ದಿರಿ. ಈ ನಾಲ್ಕೂವರೆ ವರ್ಷ ಅಲ್ಲಿಯೇ ಕೂತಿದ್ದಿರಿ. ಆದರೆ ಅವರು ಹೇಳಿದ್ದೇ ನಿಜ. ಹೇಳಿದ ತಕ್ಷಣ ಗೊತ್ತಾಯಿತು. ಪಕ್ಕದ ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು, ಆಮೇಲೆ ಅದನ್ನು ಯಾರೋ ಎತ್ತಿಕೊಂಡು ಹೋದರು.

ಎತ್ತಪ್ಪನನ್ನೂ ಕರೆಸಿದರು. ಅವನಿಗೆ ನಿಮ್ಮ ಮೇಲೆ ದ್ವೇಷವಿಲ್ಲ. ಕೊಯಮತ್ತೂರಿನವರು ಜೀಪಿನಲ್ಲಿ ಬಂದು ಕೇಳಿದರಂತೆ. “ತೋಟದಾಗೆ ಹಾಕಿದ್ರು, ಬಿಟ್ಟು ಹೋದ್ರು, ಕಂಡಿದ್ದು ಹೇಳ್ದೆ. ಮಾರಿದ್ರಾ ಅಂದ್ರು. ಯಾರಾನಾ ಬಿಟ್ಟಿ ಕಬ್ಬಿಣ ಬಿಟ್ಟು ಹೋಗ್ತಾರಾ, ಮಾರೇ ಇರ್ತಾರೆ ಅಂದೆ. ಅದನ್ನೇ ಬರ್ಕಂಡ್ರು. ಇದರಿಂದ ನಿಮ್ಮೋರಿಗೆ ತೊಂದ್ರೆ ಐತೇನವ್ವ?” ಎಂದ. ಅದಕ್ಕೆ ಮರುಳಸಿದ್ದಮ್ಮ, “ಲೇ ಎತ್ತಪ್ಪ, ಕಬ್ಬಿಣ ಬಿಟ್ಟು ಹೋಗಿದ್ದು ಯಾಕೆ ಅಂತ ನಿಂಗೇನ್ ಗೊತ್ತು? ಇದು ಎಂದು ಸೋರ್ತೈತೋ ಅಂದು ಬಂದು ಹೇಳ್ರಿ, ಅಲ್ಲೀತನಕ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗಿದ್ರು. ಬ್ಯಾಸಗೆ ಮುಗಿದ ಮೇಲೆ ನಮ್ಮೋರೇ ಹೊತ್ಕಂಡು ಹೋಗಿ ಕೊಟ್ಟು ಬಂದ್ರು” ಎಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಅಂದಿನಿಂದ ನಿಮ್ಮ ಯಜಮಾನ್ರು ನಮ್ಮೋರ್ನ ಮಾತಾಡ್ಸಲ್ಲ. ಮೂರ್ನೇದನ್ನ ನಾವು ತಿಂದ್ವಾ ಅಂತ ಕೇಳ್ರಿ ಅವರ್ನ” ಎಂದರು. ನಾನು ತಲೆ ತಗ್ಗಿಸಿ ಶೇಂಗಾ ಬಿಡಿಸತೊಡಗಿದೆ.

ಜಯಕ್ಕನ ತಮ್ಮ ಇಲ್ಲಿ ವಕೀಲ. ಅವರಿಂದ ಪೇಟೆಂಟ್ ಕಾನೂನಿನ ಪುಸ್ತಕ ತಂದು ಓದಿದೆ. ಅರ್ಜಿಗೆ ಮೊದಲು ಜನರೆದುರು ಬಳಸಿದರೆ ಹೊಸತನ ಹೋಗುತ್ತದೆ, ಅದು ನಿಜ. ಆದರೆ ಅದಕ್ಕೆ ಒಂದು ವಿನಾಯಿತಿ ಇದೆ. ಅರ್ಜಿಗೆ ಮುಂಚಿನ ಒಂದು ವರ್ಷದ ಒಳಗೆ, ಮಾಡಿದವನೇ, ಪರೀಕ್ಷೆಗೆಂದು ಮಾತ್ರ ಬಳಸಿದ್ದು, ಆ ಪರೀಕ್ಷೆ ಜನರೆದುರೇ ನಡೆಯಬೇಕಾದ ಅಗತ್ಯವಿದ್ದರೆ ದೋಷವಿಲ್ಲ. ಏಪ್ರಿಲ್ಲಿನಿಂದ ಜನವರಿಗೆ ವರ್ಷ ತುಂಬುವುದಿಲ್ಲ. ಬಾವಿಯನ್ನೂ ತೋಟವನ್ನೂ ವರ್ಕ್‌ಶಾಪಿನ ಒಳಗೆ ತರಲಾಗುವುದಿಲ್ಲ. ಉಳಿದ ಪ್ರಶ್ನೆ ಒಂದೇ. ಅಂದು ನೀವು ಹೋಗಿದ್ದು ಪರೀಕ್ಷೆಗೆಂದು ಮಾತ್ರವೇ?

ಈ ಪ್ರಶ್ನೆಯ ಮುಂದೆ ಮೂರು ಸಂಜೆ ಕೂತೆ. ನೀವು ಊರಿನವರ ಎದುರು ಮೆರೆಯಲು ಹೋಗಿದ್ದರೆ, ಸ್ನೇಹಕ್ಕೆ ಕೊಡಲು ಹೋಗಿದ್ದರೆ, ಹೆಂಡತಿಯನ್ನು ಒಂದು ದಿನ ಸುತ್ತಾಡಿಸಲು ಹೋಗಿದ್ದರೆ, ಕಂಪನಿಯವರಿಗೆ ವಾದಿಸಲು ಜಾಗ ಸಿಗುತ್ತದೆ. ಹಾಗಾಗಿ ನಾನು ಕಂಡದ್ದನ್ನಷ್ಟೇ ಬರೆದೆ. ನನ್ನ ಯಜಮಾನರು ಬೆಳಗಿನಿಂದ ಸಂಜೆಯವರೆಗೆ ಪೈಪಿನ ಬಳಿಯಿಂದ ಏಳಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ. ಹೆಂಡತಿ ಜೊತೆಯಲ್ಲಿದ್ದರೂ ಕೀಲು ಒಣಗಿದೆಯೇ ಎಂದು ಮುಟ್ಟಿ ನೋಡಲು ಹೇಳಿದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ರಬ್ಬರಿನ ಅಂಚು ಇನ್ನೊಂದು ನೂಲು ತೆಳ್ಳಗಾಗಬೇಕು ಎಂದು ಒಂದೇ ಮಾತು ಹೇಳಿ ನಿದ್ದೆ ಹೋದರು. ಒಬ್ಬ ಮನುಷ್ಯ ಪರೀಕ್ಷೆಯ ಹೊರತು ಬೇರೆ ಯಾವುದಕ್ಕೂ ಅಲ್ಲಿಗೆ ಹೋಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ ಎಂದು ವಕೀಲರು ಸಂತೋಷಪಟ್ಟರು. “ಮೇಡಂ, ಇಷ್ಟು ಚೆನ್ನಾಗಿ ನೆಪ್ಪಿಟ್ಕಂಡಿದ್ದೀರಲ್ಲ” ಎಂದರು.

ಹೌದು, ನೆನಪಿಟ್ಟುಕೊಂಡಿದ್ದೆ. ಒಂದು ಕಡೆ ಇವನ್ನೆಲ್ಲ ನಿಮ್ಮ ಮೇಲಿನ ದೂರುಗಳಾಗಿ ಇಟ್ಟುಕೊಂಡು, ಇನ್ನೊಂದು ಕಡೆ ಅದೇ ದಿನವನ್ನು ಹಬ್ಬದ ಹಾಗೆ ಹೇಗೆ ಉಳಿಸಿಕೊಂಡಿದ್ದೆನೋ ತಿಳಿಯದು. ದೂರುಗಳೆಲ್ಲ ಈಗ ನಿಮ್ಮ ಪರವಾಗಿ ಮದರಾಸಿಗೆ ಹೋಗುತ್ತವೆ. ನನಗೆ ಸಿಟ್ಟಿಲ್ಲ. ಬರೆದು ಮುಗಿಸಿದಾಗ, ಒಂದು ವಸ್ತುವಿಗೆ ಅಷ್ಟು ಹೊತ್ತು ಕಿವಿಗೊಟ್ಟು ಮಲಗಬಲ್ಲ ಮನುಷ್ಯನನ್ನು ನಾನು ನೋಡಿದ್ದೆ ಎನಿಸಿತು. ಅದೂ ಎಲ್ಲರಿಗೂ ಸಿಗುವುದಿಲ್ಲ. ಆ ಕಿವಿ ನನ್ನ ಕಡೆ ತಿರುಗಲಿಲ್ಲ ಎನ್ನುವುದು ಬೇರೆ ಮಾತು. ನಾನೂ ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ.

ಅಫಿಡವಿಟ್ಟನ್ನು ಇದರ ಜೊತೆ ಇಟ್ಟಿದ್ದೇನೆ. ಮೂರನೆಯ ಕಪ್ಲಿಂಗಿನ ವಿಷಯ ಅದರ ಕೊನೆಯ ಪ್ಯಾರಾದಲ್ಲಿದೆ. ಇಂಗ್ಲಿಷಿನಲ್ಲಿ ಬರೆಯುವುದು ಸುಲಭವಾಯಿತು. ಇದೇ ವಾರ ಮದರಾಸಿಗೆ ಕಳಿಸಿ, ತಡ ಮಾಡಬೇಡಿ. ಹನುಮಂತಪ್ಪನವರ ಮನೆಗೂ ಒಮ್ಮೆ ಹೋಗಿ ಬನ್ನಿ. ಹೋದಾಗ ಎಲೆಗೆ ಕೂತು ಊಟ ಮಾಡಿ.

ಅಂಗಿ ಹೊಲಿಸಿಕೊಳ್ಳಿ.

ಹೊಸದುರ್ಗದ ವಿಳಾಸವನ್ನು ಇನ್ನೂ ತನ್ನದೆಂದೇ ಬರೆಯುವ,
ಸರ್ವಮಂಗಳ

ಮ.ವಿ.: ಆ ಪ್ಯಾರಾ ನಿಮಗೆ ಯಾರಾದರೂ ಓದಿ ಹೇಳುವ ಮೊದಲು ನಾನೇ ಹೇಳಬೇಕು. ಮೂರನೆಯದು ಮಾಡದಕೆರೆಯಲ್ಲಿ ಒಂದು ರಾತ್ರಿಯೂ ಉಳಿದಿರಲಿಲ್ಲ. ಮೋಟರು ನಿಂತ ಮೇಲೆ ಜನಕ್ಕೆ ತೋರಿಸಲು ನೀವು ಸಣ್ಣದನ್ನು ಬಿಚ್ಚಿ ಕಲ್ಲಿನ ಮೇಲಿಟ್ಟು ಮರೆತಿರಿ. ಆ ದಿನದ್ದು ಏನಾದರೂ ಇರಲಿ ಎಂದು ನಾನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡೆ. ನೀವು ಹನುಮಂತಪ್ಪನವರನ್ನು ಅನುಮಾನಿಸಿದಾಗಲೂ ಬಾಯಿ ಬಿಡಲಿಲ್ಲ, ಅದಕ್ಕೆ ಅವರ ಹೆಂಡತಿಯ ಎದುರು ತಲೆ ತಗ್ಗಿಸಿದ್ದಾಯಿತು. ಅದು ಈಗ ಇಲ್ಲಿ ನಲ್ಲಿಯಿಂದ ಬಚ್ಚಲ ತೊಟ್ಟಿಗೆ ಹೋಗುವ ಪೈಪಿನ ನಡುವೆ ಇದೆ. ಇನ್ನೂ ಸೋರಿಲ್ಲ. ಎಂದು ಸೋರುತ್ತದೋ ಅಂದು ಬಂದು ಹೇಳಬೇಕು ಎಂಬ ನಿಮ್ಮ ಮಾತು ನನಗೂ ಸೇರಿತ್ತೇನೋ, ಅದು ಸೋರಲೇ ಇಲ್ಲ. ಮದರಾಸಿನವರು ಅದನ್ನು ನೋಡಬೇಕು ಎನ್ನಬಹುದು. ಅಂಚೆಯಲ್ಲಿ ಕಳಿಸಲು ನನಗೆ ಧೈರ್ಯವಿಲ್ಲ, ನೀವೇ ಬಂದು ಒಯ್ಯಬೇಕು. ಇಲ್ಲಿ ನೀರು ಬೆಳಿಗ್ಗೆ ಬಂದು ಒಂಬತ್ತರ ಹೊತ್ತಿಗೆ ನಿಲ್ಲುತ್ತದೆ. ಮೊದಲ ಬಸ್ಸಿಗೆ ಬಂದರೆ, ನೀರು ನಿಂತು ಅದು ಸಡಿಲವಾಗುವವರೆಗೆ ನೀವು ಕೂತಿರಬೇಕಾಗುತ್ತದೆ.